ಮುಗಿಯದ ಆಟಕ್ಕೊಂದು ಕೀಲು

ವಿಮಲನಾಥ ಮಾಡಿದ ಆಟ ಮುಗಿಯುತ್ತಲೇ ಇರಲಿಲ್ಲ. ಇದು ಅವನಿಗೇ ಗೊತ್ತಿರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ, ಆದರೆ ನಿಜ. ಐದು ವರ್ಷ ಕೂತು ಮಾಡಿದ ಆಟ, ನೂರಾರು ಸಲ ಆಡಿ ನೋಡಿದ ಆಟ. ಅದಕ್ಕೆ ಕೊನೆಯೇ ಇಲ್ಲ ಅಂತ ಕಲ್ಲಿಕೋಟೆಯಿಂದ ಒಬ್ಬಳು ಹುಡುಗಿ ಫೋನು ಮಾಡಿ ಹೇಳಬೇಕಾಯಿತು.

ಮೀನಂಗಡಿ ಅನ್ನುವ ಊರಿನ ಪೇಟೆಯಿಂದ ಸ್ವಲ್ಪ ಒಳಗೆ ಅವನ ಪ್ರೆಸ್ಸು, ಅದರ ಹಿಂದೆಯೇ ಮನೆ. ನೋಟೀಸು, ಬಿಲ್ ಬುಕ್ಕು, ಮದುವೆ ಕಾಗದ, ಏನು ಬಂದರೂ ಅಚ್ಚು ಹಾಕಿ ಕೊಡುವ ಸಣ್ಣ ಕಸುಬು. ಜೈನ ಗೌಡರ ಮನೆತನ. ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಬಂದವರು. ಮನೆಯೊಳಗೆ ಇಂದಿಗೂ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ವಯಸ್ಸು ಐವತ್ತೆರಡು, ಮಕ್ಕಳಿಲ್ಲ, ಹೆಂಡತಿ ಸರೋಜ. ಕೊರೊನಾ ಕಾಲದಲ್ಲಿ ಪ್ರೆಸ್ಸು ಬಾಗಿಲು ಹಾಕಿದಾಗ, ಯಾರೋ ಕಾಲೇಜು ಹುಡುಗರು ಲ್ಯಾಮಿನೇಷನ್ನಿಗೆ ಕೊಟ್ಟು ಮರೆತಿದ್ದ ಒಂದು ಕಟ್ಟು ಕಾರ್ಡು ಅವನ ಕೈಗೆ ಸಿಕ್ಕಿತು. ಇಸ್ಪೀಟಲ್ಲ. ಅಂಗಡಿಯಲ್ಲಿ ಪೊಟ್ಟಣ ಕೊಳ್ಳಬೇಕು, ಒಳಗೆ ಯಾವ ಕಾರ್ಡು ಬಂತೋ ಕೂಡಿಡಬೇಕು, ಎರಡೆರಡು ಬಂದದ್ದನ್ನು ಸ್ನೇಹಿತರಿಗೆ ಕೊಟ್ಟು ಇಲ್ಲದ್ದನ್ನು ಬದಲಿಗೆ ಪಡೆಯಬೇಕು, ಕೊನೆಗೆ ತನ್ನದೇ ಒಂದು ಕಟ್ಟು ಮಾಡಿಕೊಂಡು ಎದುರಿನವನ ಕಟ್ಟಿನ ಮೇಲೆ ಬಿಡಬೇಕು. ಎಲ್ಲ ರಾಕ್ಷಸರು, ಕತ್ತಿಗಳು, ಬೆಂಕಿ. ವಿಮಲನಾಥನಿಗೆ ಹುಚ್ಚು ಹಿಡಿಯಿತು. ಕಟಿಂಗ್ ಮಷೀನಿನ ಅಡಿಯಲ್ಲಿ ಉಳಿದ ಬೋರ್ಡಿನ ತುಂಡುಗಳಲ್ಲಿ ತನ್ನದೇ ಆಟ ಮಾಡಲು ಕೂತ. ರಾಕ್ಷಸರ ಬದಲು ಸುತ್ತಲ ಕಾಡಿನ ಪ್ರಾಣಿಪಕ್ಷಿಗಳು: ಕಾಟಿ, ಕಡವೆ, ಮಂಗಟ್ಟೆ ಹಕ್ಕಿ, ಕೆಂಜಳಿಲು.

ಚಿತ್ರ ಬರೆಯುವುದು ದೊಡ್ಡ ಮಾತಲ್ಲ. ಆಟ ನಿಲ್ಲುವುದು ಯಾವ ಕಾರ್ಡು ಏನು ಮಾಡಬಹುದು, ಏನು ಮಾಡಬಾರದು ಅನ್ನುವ ಕಟ್ಟಳೆಯ ಮೇಲೆ. ಇಂಗ್ಲಿಷಿನಲ್ಲಿ ಅದಕ್ಕೆ ಮೆಕ್ಯಾನಿಕ್ಸ್ ಅನ್ನುತ್ತಾರೆ. ವಿಮಲನಾಥ ಕೀಲು ಅನ್ನುತ್ತಿದ್ದ. ಅವನ ಮೊದಲ ಕೀಲೇ ಅವನ ಮನೆತನದ್ದು: ಯಾವ ಪ್ರಾಣಿಯೂ ಸಾಯುವುದಿಲ್ಲ. ಸೋತ ಕಾರ್ಡು ಕಾಡಿಗೆ ಹೋಗುತ್ತದೆ, ಅಂದರೆ ಕಟ್ಟಿನ ಬುಡಕ್ಕೆ. ನಾಲ್ಕು ಸರದಿ ಕಳೆದರೆ ಮತ್ತೆ ಬರುತ್ತದೆ. ಸೌದೆಯನ್ನು ಒಲೆಗಿಡುವ ಮೊದಲು ಇರುವೆ ಉದುರಲಿ ಅಂತ ಕೊಡವುತ್ತಿದ್ದ ತಾಯಿಯ ಮಗ ಅವನು. ಬೇರೆ ಹೇಗೆ ತಾನೇ ಯೋಚಿಸಿಯಾನು!

ಆಡಲು ಜೊತೆಗೆ ಇದ್ದದ್ದು ಒಬ್ಬನೇ, ಬಾಲಕೃಷ್ಣನ್. ಒಂದೂವರೆ ಮೈಲಿ ಆಚೆ ಅವನ ಮೆಣಸಿನ ತೋಟ. ಚೆಟ್ಟಿ ಜನ, ತಾಯಿ ಗುಂಡ್ಲುಪೇಟೆ ಕಡೆಯವಳು, ಹಾಗಾಗಿ ಬಾಯಲ್ಲಿ ಕನ್ನಡ. ಶಾಲೆಯಲ್ಲಿ ವಿಮಲನಾಥನಿಗಿಂತ ಎರಡು ಕ್ಲಾಸು ಮುಂದೆ ಇದ್ದವನು, ಅಂದಿನಿಂದ ಇವನಿಗೆ ಬಾಲಣ್ಣ. ಆಟ ಶುರುವಾದ ನಾಲ್ಕನೇ ವರ್ಷ ಹೆಂಡತಿ ಕುಞ್ಞಮ್ಮ ಜ್ವರ ಬಂದು ಒಂಬತ್ತೇ ದಿನದಲ್ಲಿ ತೀರಿಕೊಂಡ ಮೇಲೆ ಬಾಲಕೃಷ್ಣನ್ ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರ ಹತ್ತಿರವೂ ಮಾತಿಲ್ಲ. ಮಗಳು ಗ್ರೀಷ್ಮ ಸೊಸೈಟಿಗೆ ಕೆಲಸಕ್ಕೆ ಹೋದರೆ ಅವನು ಜಗುಲಿಯಲ್ಲಿ ಕೂತಲ್ಲೇ ಕೂತಿರುತ್ತಿದ್ದ. ವಿಮಲನಾಥನ ಪ್ರೆಸ್ಸಿಗೆ ಮಾತ್ರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಬರುತ್ತಿದ್ದ. ಬೆಂಚಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವನು, ನಡುವೆ ಕಾರ್ಡು. ಕಾಡಿಗೆ ಹೋದ ಮಂಗಟ್ಟೆ ಮತ್ತೆ ಕೈಗೆ ಬಂದಾಗ, "ಬಂದ್ಯಾ ಮಾರಾಯ್ತಿ!" ಅನ್ನುತ್ತಿದ್ದ. ದಿನಕ್ಕೊಂದು ಸಲ ಅವನು ನಗುತ್ತಿದ್ದರೆ ಅಲ್ಲಿಯೇ. ಇದು ವಿಮಲನಾಥನಿಗೂ ಗೊತ್ತಿತ್ತು, ಗ್ರೀಷ್ಮಳಿಗೂ ಗೊತ್ತಿತ್ತು. ಅವಳು ದಾರಿಯಲ್ಲಿ ಸಿಕ್ಕಾಗ, "ಮಾಮ, ಅಪ್ಪನ್ನ ಬಿಡ್ಬೇಡಿ" ಅಂತ ಕೈ ಹಿಡಿದುಕೊಂಡಿದ್ದಳು.

ಫೆಬ್ರವರಿಯಲ್ಲಿ ಮೆಣಸು ಕೊಯ್ಯುವ ಹೊತ್ತಿಗೆ ವಿಮಲನಾಥ ಒಮ್ಮೆ ಆ ತೋಟಕ್ಕೆ ಹೋದ. ನೋಡಿದರೆ ಬಳ್ಳಿಗಳ ಬುಡದಲ್ಲೆಲ್ಲ ಹಣ್ಣಾಗಿ ಉದುರಿದ ಕೆಂಪು ಕಾಳು. ಮೇಲೆ ಗೊಂಚಲು ಗೊಂಚಲು ಹಾಗೇ ಇದೆ. ಬಾಲಕೃಷ್ಣನ್ ನೆಲದ ಮೇಲೆ ನಿಂತು ಕೈಗೆ ಸಿಕ್ಕಿದಷ್ಟನ್ನೇ ಕೀಳುತ್ತಿದ್ದ. ಗಿಣ್ಣಿನ ಮೇಲೆ ಕಾಲಿಟ್ಟು ಹತ್ತುವ ಒಂಟಿ ಬಿದಿರಿನ ಏಣಿ ಮರಕ್ಕೆ ಒರಗಿಸಿದಲ್ಲೇ ಇತ್ತು.

"ಏನ್ ಬಾಲಣ್ಣ, ಮೊಣಕಾಲು ನೋವು ಅಂತ ಗ್ರೀಷ್ಮ ಹೇಳ್ತಿದ್ಲು, ಅಷ್ಟೊಂದು ನೋವಾ?"

ಬಾಲಕೃಷ್ಣನ್ ಆಚೀಚೆ ನೋಡಿದ. "ಮೊಣಕಾಲಿಗೆ ಏನೂ ಆಗಿಲ್ಲ ವಿಮಲ. ಅದು ನಮ್ಮ ಮೋಳಿಗೆ ಹೇಳಿದ ನೆಪ. ಮೂವತ್ತು ವರ್ಷ ಕುಞ್ಞಮ್ಮ ಕೆಳಗೆ ಏಣಿ ಹಿಡಿಯೋಳು. ಈಗ ಮೂರನೇ ಗಿಣ್ಣಿಗೆ ಕಾಲಿಟ್ರೆ ಕೆಳಗೆ ನೋಡ್ಬೇಕು ಅನ್ಸ್ತದೆ. ನೋಡಿದ್ರೆ ಯಾರಿಲ್ಲ. ಹಂಗೇ ಇಳಿದುಬಿಡ್ತೇನೆ." ಇನ್ನೊಂದು ಗೊಂಚಲು ಕೀಳುತ್ತ, "ಕೂಲಿಯೋರು ಬರ್ತೇವೆ ಅಂದ್ರು, ನಾನೇ ಬೇಡ ಅಂದೆ. ಇದು ನಿಂಗೆ ಮಾತ್ರ ಹೇಳಿದ್ದು. ಯಾರತ್ರಾನೂ ಅನ್ಬೇಡ," ಅಂದ.

"ಛೆ, ನಾನ್ಯಾಕೆ ಅನ್ಲಿ," ಅಂದ ವಿಮಲನಾಥ. ಆಗ ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಅಷ್ಟನ್ನಾದರೂ ಅವನ ಪರವಾಗಿ ಹೇಳಲೇಬೇಕು.

ಏಪ್ರಿಲಿನಲ್ಲಿ ಕಲ್ಲಿಕೋಟೆಯ ಫೋನು ಬಂತು. ಅಲ್ಲಿ ಇಂಥ ಆಟಗಳನ್ನು ಹೊರತರುವ ಒಂದು ಕಂಪನಿ. ವಿಮಲನಾಥ ತನ್ನ ಆಟವನ್ನು ಅವರಿಗೆ ಕಳಿಸಿದ್ದ. ಅಲ್ಲಿನ ಅಂಜು ಎನ್ನುವವಳು ಮಲಯಾಳದಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಚಿತ್ರ ಚೆಂದ, ಪ್ರಾಣಿಗಳು ಚೆಂದ, ಆದರೆ ನಾವು ನಾಲ್ಕು ಗಂಟೆ ಆಡಿದೆವು, ಮುಗಿಯಲೇ ಇಲ್ಲ ಸಾರ್. ನಿಮ್ಮ ಮನೆಯಲ್ಲಿ ಹೇಗೆ ಮುಗಿಯುತ್ತದೆ?

ವಿಮಲನಾಥ ಗೋಡೆಯ ಗಡಿಯಾರ ನೋಡಿದ. ಆಮೇಲೆ, "ಸರೋಜ ಊಟಕ್ಕೆ ಕರೀತಾಳೆ," ಅಂದ.

ಅದೇ ಆಗಿದ್ದದ್ದು ನೋಡಿ! ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ ಅದು. ಐದೂಮುಕ್ಕಾಲಿಗೆ ಸರೋಜ ಒಳಗಿಂದ ಕೂಗುತ್ತಿದ್ದಳು, ಇವರು ಕಾರ್ಡು ಮಡಚಿ ಏಳುತ್ತಿದ್ದರು, ಬಾಲಕೃಷ್ಣನ್ ಕೂಡ ಅಲ್ಲೇ ಎರಡು ತುತ್ತು ಉಂಡು ಹೊರಡುತ್ತಿದ್ದ. ಐದು ವರ್ಷದಲ್ಲಿ ಒಂದು ದಿನವೂ ಆಟ ತಾನಾಗಿ ಮುಗಿದಿರಲಿಲ್ಲ. ಮುಗಿಯುತ್ತದೋ ಇಲ್ಲವೋ ಅಂತ ನೋಡುವ ಗೊಡವೆಗೂ ಇಬ್ಬರೂ ಹೋಗಿರಲಿಲ್ಲ. ಬೇರೆ ಯಾವ ಮನೆಯವರಾದರೂ ವಾರದೊಳಗೆ ಕಂಡುಹಿಡಿದುಬಿಡುತ್ತಿದ್ದರು.

ಓಣಂಗೆ ಅಂಗಡಿಗೆ ಬರಬೇಕು, ಜೂನ್ ಮುಗಿಯುವುದರೊಳಗೆ ಹೊಸ ಕೀಲು ಬೇಕು, ಕಾರ್ಡುಗಳು ಆಟದಿಂದ ಪೂರ್ತಿ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಬಿಟ್ಟುಬಿಡೋಣ ಅಂದಳು ಅಂಜು. ವಿಮಲನಾಥ ಹಗಲೆಲ್ಲ ತಲೆ ಕೆಡಿಸಿಕೊಂಡ. ಪ್ರಾಣಿಗಳನ್ನು ನಿದ್ದೆಗೆ ಹಾಕಿದ. ಎಲ್ಲ ಮಲಗಿ ಆಟವೇ ಮಲಗಿತು. ಕಟ್ಟು ತೀರಿದಾಗ ಯಾರ ಹತ್ತಿರ ಹೆಚ್ಚಿವೆ ಅಂತ ಎಣಿಸುವ ಹಾಗೆ ಮಾಡಿದ. ಅಂಜು ಅದನ್ನು ನೋಡಿ, ಇದು ಆಟವಲ್ಲ ಸಾರ್, ಜನಗಣತಿ ಅಂದಳು. ಐವತ್ತೆರಡು ವರ್ಷಕ್ಕೆ ಒಂದೇ ಒಂದು ಸಲ ತನ್ನದು ಅನ್ನುವ ವಸ್ತು ಲೋಕಕ್ಕೆ ಹೋಗುವುದರಲ್ಲಿತ್ತು. ಇಷ್ಟು ವರ್ಷ ಅವನು ಅಚ್ಚು ಹಾಕಿದ್ದೆಲ್ಲ ಬೇರೆಯವರ ಹೆಸರು.

ಜೂನಿನ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ, ಕೀಲು ಹೊಳೆಯಿತು. ಪ್ರತಿಯೊಬ್ಬನ ಮುಂದೆ ಎರಡು ಸಾಲು: ಕೆಳಸಾಲು, ಮೇಲುಸಾಲು. ಒಂಟಿ ಕಾರ್ಡು ಎದುರಿನವನ ಕೆಳಸಾಲನ್ನು ಮಾತ್ರ ಮುಟ್ಟಬಹುದು. ಮೇಲುಸಾಲು ಮುಟ್ಟಲು ಗಂಡು ಹೆಣ್ಣಿನ ಜೋಡಿ ಬೇಕು. ಜೋಡಿಯಲ್ಲಿ ಒಂದು ಸೋತರೆ ಅದು ಹೋಯಿತು, ಇನ್ನು ಬರುವುದಿಲ್ಲ. ಉಳಿದದ್ದು ಕೊನೆಯವರೆಗೂ ಇರುತ್ತದೆ, ಆದರೆ ಕೆಳಸಾಲಿಗಷ್ಟೇ ಎಟುಕುತ್ತದೆ. ಯಾರ ಮೇಲುಸಾಲು ಬರಿದಾಯಿತೋ ಅವರು ಸೋತರು. ಒಬ್ಬನೇ ಎರಡೂ ಕಡೆ ಕೂತು ಆಡಿದ. ನಲವತ್ತು ನಿಮಿಷಕ್ಕೆ ಮುಗಿಯಿತು. ಇನ್ನೊಂದು ಸಲ ಆಡಿದ, ಮುಗಿಯಿತು. ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರತಿ ಕೀಲಿಗೂ ಕಾರ್ಡಿನ ಕೆಳಗೆ ಒಂದು ಸಾಲಿನ ಮಾತು ಬೇಕು ಅಂತ ಅಂಜು ಹೇಳಿದ್ದಳು, ಅದನ್ನೂ ಮಲಯಾಳದಲ್ಲಿ ಬರೆದ: ಕೆಳಗೆ ಹಿಡಿಯುವವರಿಲ್ಲದವನು ಏಣಿ ಹತ್ತುವುದಿಲ್ಲ. ಹತ್ತು ಗಂಟೆಗೆಲ್ಲ ಕಳಿಸಿಯೂಬಿಟ್ಟ. ಎಲ್ಲಿಂದ ಬಂತು ಆ ಮಾತು ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಅವಸರ.

ಮೂರಕ್ಕೆ ಬಾಲಕೃಷ್ಣನ್ ಬಂದ. ವಿಮಲನಾಥ ಹೊಸ ಕೀಲನ್ನು ವಿವರಿಸಿ ಕಾರ್ಡು ಹಂಚಿದ. ಅರ್ಧ ಗಂಟೆಯಲ್ಲಿ ಬಾಲಕೃಷ್ಣನ ಹೆಣ್ಣು ಮಂಗಟ್ಟೆ ಸೋತಿತು. ಅವನು ಅದನ್ನು ಎಂದಿನಂತೆ ಕಟ್ಟಿನ ಬುಡಕ್ಕೆ ಇಡಲು ಹೋದ.

"ಅಲ್ಲಲ್ಲ. ಅದು ಹೊರಗೆ. ಇನ್ನು ಬರೋಲ್ಲ. ನಿನ್ನ ಗಂಡು ಮಂಗಟ್ಟೆ ಇನ್ನು ಮೇಲೆ ಕೆಳಸಾಲಿಗೆ ಮಾತ್ರ."

"ಯಾಕೆ?"

"ಜೋಡಿ ಹೋಯ್ತಲ್ಲ."

ಬಾಲಕೃಷ್ಣನ್ ಆ ಕಾರ್ಡನ್ನು ಬೆಂಚಿನ ಅಂಚಿಗೆ ಸರಿಸಿಟ್ಟ. ವಿಮಲನಾಥ ಅವನ ಮುಖ ನೋಡಲಿಲ್ಲ. ತನ್ನ ಕೈಯಲ್ಲಿದ್ದ ಕಾರ್ಡುಗಳನ್ನು ಸುಮ್ಮನೆ ಹಿಂದುಮುಂದು ಮಾಡಿದ. ಬಾಲಕೃಷ್ಣನ್ ಆಟ ಬಿಟ್ಟು ಏಳಲಿಲ್ಲ. ಸರಿಯಾಗಿಯೇ ಆಡಿದ, ಸೋತ. ಆ ಬೆಂಚಿನ ಮೇಲೆ ಮೊದಲ ಸಲ ಒಂದು ಆಟ ಮುಗಿಯಿತು.

"ಕಳಿಸಿಯಾಯ್ತಾ ಕಲ್ಲಿಕೋಟೆಗೆ?"

"ಇಲ್ಲ," ಅಂದ ವಿಮಲನಾಥ.

"ಹಂಗಾರೆ ಕಳಿಸ್ಬೇಡ. ಆಟ ಲಾಯ್ಕಾಗಿದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದು ನಂದು ವಿಮಲ. ನಿಂಗೆ ಹೇಳಿದ್ದು. ಪೊಟ್ಟಣ ಕಟ್ಟಿ ಮಾರೋಕೆ ಅಲ್ಲ."

"ಆಗ್ಲಿ ಬಾಲಣ್ಣ. ಬೇರೆ ಯೋಚಿಸ್ತೇನೆ."

ಅಂದು ಸರೋಜ ಊಟಕ್ಕೆ ಕರೆದಾಗ ಬಾಲಕೃಷ್ಣನ್ ಎಂದಿನಂತೆ ಕೂತು ಉಂಡ. ಸ್ನೇಹಿತನ ಮಾತನ್ನು ನಂಬಿದ್ದ. ವಿಮಲನಾಥ ತಾನೇ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ.

ಮರುದಿನ ಅವನು ಅಂಜುವಿಗೆ ಫೋನು ಮಾಡಿದ. ವಾಪಸು ತೆಗೆದುಕೊಳ್ಳಬೇಕು ಅಂತಲೇ ಮಾಡಿದ್ದು. ಅವಳು ಬಾಯಿ ತೆರೆಯಲು ಬಿಟ್ಟರೆ ತಾನೇ! ಸಾರ್, ಆಫೀಸಿನಲ್ಲಿ ಎಲ್ಲರೂ ಅದನ್ನೇ ಆಡುತ್ತಿದ್ದೇವೆ, ಆ ಏಣಿಯ ಮಾತು ಓದಿ ನಮಗೆಲ್ಲ ಹಿರಿಯರಾದ ಹೇಮಾ ಚೇಚಿ ಅತ್ತೇಬಿಟ್ಟರು, ಇಡೀ ಆಟ ಈಗ ಅದರ ಮೇಲೆ ನಿಂತಿದೆ, ನಿಮ್ಮ ಹೆಸರು ಪೊಟ್ಟಣದ ಮೇಲೆ ಹೇಗೆ ಬರೆಯಬೇಕು ಹೇಳಿ. ಬೇಡ ಅನ್ನಬೇಕಿತ್ತು. ಎಷ್ಟು ದೊಡ್ಡ ಮಾತು ಅದು? ವಿಮಲನಾಥ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿ ಫೋನಿಟ್ಟ.

ಎರಡು ತಿಂಗಳು ಬಾಲಕೃಷ್ಣನ್ ದಿನಾ ಬಂದ. ಹಳೆಯ ಆಟವನ್ನೇ ಆಡಿದರು, ಕಾಡಿಗೆ ಹೋದದ್ದೆಲ್ಲ ತಿರುಗಿ ಬರುವ ಆಟ. ಪ್ರತಿ ಮಧ್ಯಾಹ್ನ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದ ವಿಮಲನಾಥ. ಪ್ರತಿ ಮಧ್ಯಾಹ್ನ ನಾಳೆಗೆ ತಳ್ಳುತ್ತಿದ್ದ. ಸರೋಜ ಒಮ್ಮೆ, "ನಿಮ್ಗೇನಾಗಿದೆ, ಬಾಲಣ್ಣ ಬಂದ್ರೆ ಮುಖ ಗಂಟಾಗ್ತದಲ್ಲ?" ಅಂತ ಕೇಳಿಯೂ ಕೇಳಿದಳು. ಗ್ಯಾಸು ಅಂದ.

ಓಣಂಗೆ ವಾರವಿರುವಾಗ ಪೊಟ್ಟಣಗಳು ಮೀನಂಗಡಿಯ ಅಂಗಡಿಗೆ ಬಂದವು. ಮೊದಲು ಕೊಂಡವಳು ಗ್ರೀಷ್ಮ. ವಿಮಲಮಾಮನ ಹೆಸರು ನೋಡಿ ಹಿಗ್ಗಿ, ಎರಡು ಪೊಟ್ಟಣ ಕೊಂಡು ಮನೆಗೆ ಓಡಿದಳು. ಜಗುಲಿಯಲ್ಲಿ ಅಪ್ಪನ ಎದುರು ಕೂತು ಒಂದೊಂದೇ ಕಾರ್ಡು ಬಿಡಿಸಿ, ಕೆಳಗೆ ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಏಣಿಯ ಮಾತು ಓದಿದವಳು ತಲೆಯೆತ್ತಿ ಅಪ್ಪನ ಮೊಣಕಾಲು ನೋಡಿದಳು. ಒಂದೂವರೆ ವರ್ಷದಿಂದ ದಿನಾ ಸಂಜೆ ಆ ಮೊಣಕಾಲಿಗೆ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದವಳು ಅವಳು. ಅಪ್ಪ ಎದ್ದು ಒಳಗೆ ಹೋದ. ಇದನ್ನೆಲ್ಲ ಅವಳೇ ಆಮೇಲೆ ಸರೋಜಳ ಮುಂದೆ ಹೇಳಿಕೊಂಡು ಅತ್ತಳು. ವಿಮಲನಾಥ ಗೋಡೆಯ ಈಚೆ ನಿಂತು ಕೇಳಿದ.

ಮರುದಿನ ಮೂರು ಗಂಟೆಗೆ ಬಾಲಕೃಷ್ಣನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಿಮಲನಾಥ ತಾನೇ ಹೋದ. ಬಾಲಕೃಷ್ಣನ್ ಬಾಗಿಲು ತೆರೆದ, ಕೂರಿಸಿದ, ಕಾಫಿ ಕೊಟ್ಟ, ಮಳೆ ಈ ಸಲ ಹೆಚ್ಚಾಯಿತು ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ತಪ್ಪಾಯ್ತು ಬಾಲಣ್ಣ," ಅಂದಿದ್ದಕ್ಕೆ, "ಕಾಫಿ ಆರ್ತದೆ, ಕುಡಿ," ಅಂದ. ವಿಮಲನಾಥ ಮತ್ತೆರಡು ಸಲ ಹೋದ, ಎರಡು ಸಲವೂ ಕಾಫಿ ಕುಡಿದು ಬಂದ. ಆಮೇಲೆ ಹೋಗಲು ಮುಖ ಬರಲಿಲ್ಲ. ಆಟವೇನೋ ಚೆನ್ನಾಗಿ ಓಡಿತು. ಮಾನಂದವಾಡಿಯ ಕಾಲೇಜು ಹುಡುಗರು ಬಂದು ಕಾರ್ಡುಗಳ ಮೇಲೆ ಅವನ ಸಹಿ ಹಾಕಿಸಿಕೊಂಡು ಹೋದರು. ಮಧ್ಯಾಹ್ನ ಮೂರಾದರೆ ಅವನು ಷಟರ್ ಅರ್ಧ ಎಳೆದು ಒಳಗೆ ಮಲಗುತ್ತಿದ್ದ. ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ.

ಜನವರಿಯಲ್ಲಿ ಗ್ರೀಷ್ಮಳ ಮದುವೆ ಗೊತ್ತಾಯಿತು. ಬಾಲಕೃಷ್ಣನ್ ಪದ್ಧತಿ ಬಿಡಲಿಲ್ಲ. ಬಿಳಿ ಮುಂಡು ಉಟ್ಟು ಕರೆಯಲು ತಾನೇ ಬಂದ. ಗಿರಾಕಿಗಳ ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ಹಿಡಿದು ಕಾಗದ ಕೊಟ್ಟ. ವಿಮಲನಾಥ ಹೆಬ್ಬೆರಳು ತಾಗಿಸಿದ ಕೂಡಲೇ ಗೊತ್ತಾಯಿತು, ಬತ್ತೇರಿಯ ಪ್ರೆಸ್ಸಿನಲ್ಲಿ ಮಾಡಿಸಿದ್ದು. ಬೋರ್ಡು ತೆಳ್ಳಗೆ, ಬಂಗಾರದ ಬಣ್ಣ ಅಂಚಿನಲ್ಲಿ ಆಗಲೇ ಏಳುತ್ತಿತ್ತು.

"ನಾನು ಮಾಡಿ ಕೊಡ್ತಿದ್ದೆನಲ್ಲ ಬಾಲಣ್ಣ," ಅಂದ. "ನಮ್ಮ ಗ್ರೀಷ್ಮಳ ಮದ್ವೆ ಕಾಗದ ಬತ್ತೇರಿಯಿಂದ ಬರ್ಬೇಕಾ?"

"ಅದ್ರಲ್ಲಿ ಕುಞ್ಞಮ್ಮನ ಹೆಸರಿತ್ತು ಗೌಡ್ರೇ," ಅಂದ ಬಾಲಕೃಷ್ಣನ್. ಸರೋಜಳಿಗೆ ಕೈ ಮುಗಿದು, ಇನ್ನೂ ನಾಲ್ಕು ಮನೆ ಇದೆ ಅಂತ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟ.