ಶಿರಾದಲ್ಲಿ ವೀರ, ಮಧುಗಿರಿಯಲ್ಲಿ ಜಾತಿಗೆಟ್ಟವನು

ನಾನು ಬಿ.ಎಸ್ಸಿ. ಪಾಸು ಮಾಡುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಅದು ಅವರ ಸ್ವಂತ ಅಭಿಪ್ರಾಯವೇನಲ್ಲ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಸಂತೆಯ ದಿನ ಮಧುಗಿರಿಗೆ ಹೋದರೆ ಬಸ್ಸು ನಿಲ್ಲುವ ಕಡೆಯ ಕಾಫಿ ಹೋಟೆಲಿನಲ್ಲಿ ಕೂತು, ಅಲ್ಲಿ ಯಾರಾದರೂ ಗಟ್ಟಿಯಾಗಿ ಓದುತ್ತಿದ್ದ ಬೆಂಗಳೂರಿನ ದಿನಪತ್ರಿಕೆಯನ್ನು ಕೇಳಿಕೊಂಡು ಬರುತ್ತಿದ್ದರು. ಸರ್ಕಾರಿ ಕೆಲಸದಲ್ಲಿ ಒಕ್ಕಲುಮಕ್ಕಳಿಗೂ ಪಾಲು ಕೊಡಬೇಕೇ ಬೇಡವೇ ಎಂಬ ಜಗಳ ಆಗ ಸಂಸ್ಥಾನದ ತುಂಬ ನಡೆದಿತ್ತು. ಆ ಪತ್ರಿಕೆ ಬೇಡ ಎನ್ನುವ ಪಕ್ಷ. ಉಳುವವರ ಮಕ್ಕಳ ತಲೆಗೆ ದೊಡ್ಡ ಓದು ಹತ್ತುವುದಿಲ್ಲ ಎಂದು ಬರೆಯಿತು. ಹುಟ್ಟಿದಾಗಿನಿಂದ ಉತ್ತುಕೊಂಡೇ ಬಂದ ದೊಡ್ಡಪ್ಪ ಅದಕ್ಕೆ ತಲೆದೂಗಿ ಮನೆಗೆ ಬಂದರು.

“ನಮ್ಮೋರ್ಗೆ ಕಾಲೇಜು ಹತ್ತಾಕಿಲ್ಲ ಕಣ್ಲಾ. ಪೇಪರ್ನಾಗೇ ಹಾಕವ್ರೆ. ಸುಳ್ಳಿದ್ರೆ ಅಚ್ಚು ಹಾಕ್ತಿದ್ರಾ?”

ತನ್ನನ್ನು ದಡ್ಡನೆಂದು ಬೈದದ್ದನ್ನು ಕಾಸು ಕೊಟ್ಟು ಕಾಫಿ ಕುಡಿಯುತ್ತ ಕೇಳಿ, ಮೆಚ್ಚಿಕೊಂಡು ಬರುವ ಜನ ಪ್ರಪಂಚದಲ್ಲಿ ಇನ್ನೆಲ್ಲಿದ್ದಾರೋ ನಾನು ಕಾಣೆ.

ಆದರೂ ನಾನು ಓದಿದೆ. ಬೆಂಗಳೂರಿನಲ್ಲಿ ನಮ್ಮ ಜನ ನಡೆಸುತ್ತಿದ್ದ ಒಂದು ಹಾಸ್ಟೆಲು ಇತ್ತು. ಅದು ನಿಂತದ್ದು ಹಿಡಿ ರಾಗಿಯ ಮೇಲೆ. ರಾಗಿ ಬೀಸಲು ಕೂತ ಹೆಂಗಸು ಮೊದಲು ಒಂದು ಹಿಡಿ ತೆಗೆದು ಹಾಸ್ಟೆಲಿನ ಗಡಿಗೆಗೆ ಹಾಕಬೇಕು. ಊರೂರಲ್ಲಿ ಅದನ್ನು ಕೂಡಿಸಿ, ಮೂಟೆ ಕಟ್ಟಿ, ಬಸ್ಸಿನ ನೆತ್ತಿಗೇರಿಸಿ ಕಳಿಸುತ್ತಿದ್ದರು. ನಮ್ಮೂರಲ್ಲಿ ಕೂಡಿಸುವ ಯಜಮಾನಿಕೆ ದೊಡ್ಡಪ್ಪನದು. ಹತ್ತದ ವಿದ್ಯೆಗೆ ರಾಗಿ ಯಾಕೆ ಕಳಿಸುತ್ತೀರಿ ಎಂದು ಅವರನ್ನು ಯಾರೂ ಕೇಳಲಿಲ್ಲ, ಪುಣ್ಯಕ್ಕೆ.

ನನ್ನ ಕೊನೆಯ ವರ್ಷದ ಬೇಸಿಗೆಯಲ್ಲಿ ಪಕ್ಕದ ಹರಿಜನ ಹಾಸ್ಟೆಲಿನ ಬಾವಿ ಬತ್ತಿತು. ಅಲ್ಲಿಯ ಹುಡುಗರು ನಮ್ಮ ಬಾವಿಗೆ ಬಂದರು. ನಮ್ಮದರಲ್ಲಿ ನೀರಿತ್ತು, ಸೇದಿಕೊಂಡರು. ಹಗ್ಗ ಹಳೆಯದು, ಜೋಪಾನ ಎಂದೆ. ನಡೆದದ್ದು ಇಷ್ಟೇ. ಜೊತೆಗೆ ಕೂರಿಸಿ ಊಟ ಹಾಕುವಷ್ಟು ದೊಡ್ಡ ಮನಸ್ಸು ನಮ್ಮ ವಾರ್ಡನ್ನರಿಗೆ ಇರಲಿಲ್ಲ.

ಆ ಮನಸ್ಸನ್ನು ಪತ್ರಿಕೆಗಳೇ ಕರುಣಿಸಿದವು. ದೊಡ್ಡಪ್ಪ ಕೇಳುತ್ತಿದ್ದ ದಿನಪತ್ರಿಕೆ, ಹಾಸ್ಟೆಲಿನಲ್ಲಿ ಸಹಭೋಜನ ನಡೆಯಿತು, ಹುಡುಗರು ಕುಲ ಕೆಡಿಸಿಕೊಂಡರು, ರೈತರ ರಾಗಿ ಅನಾಚಾರಕ್ಕೆ ಹೋಗುತ್ತಿದೆ ಎಂದು ಬರೆಯಿತು. ಅದರ ಶತ್ರುವಾಗಿದ್ದ ಒಂದು ವಾರಪತ್ರಿಕೆ, ನಡೆಯದೇ ಇದ್ದ ಅದೇ ಊಟವನ್ನು ಹಿಡಿದುಕೊಂಡು, ವೀರ ಯುವಕರು ಒಂದೇ ಪಂಕ್ತಿಯಲ್ಲಿ ಉಂಡರು ಎಂದು ಹೊಗಳಿತು. ಊಟಕ್ಕೆ ಪಾಯಸವಿತ್ತೆಂದೂ ಬರೆದಿತ್ತು. ಮೂರು ವರ್ಷ ಆ ಹಾಸ್ಟೆಲಿನಲ್ಲಿ ಉಂಡ ನಾನು ಪಾಯಸದ ಮುಖ ಕಂಡವನಲ್ಲ. ಎರಡು ಪತ್ರಿಕೆಯವರಲ್ಲಿ ಒಬ್ಬನಾದರೂ ಬಂದು ಬಾವಿಯೊಳಗೆ ಬಗ್ಗಿ ನೋಡಲಿಲ್ಲ. ಅಲ್ಲಿಗೆ ನಡೆದು ಬರಲು ಎಷ್ಟು ಮಹಾ ದೂರ!

ದಿನಪತ್ರಿಕೆ ಹೋಗುತ್ತಿದ್ದದ್ದು ಕೊರಟಗೆರೆ, ಮಧುಗಿರಿಗೆ. ಅಲ್ಲಿಯ ಮೂಟೆಗಳು ನಿಂತವು. ವಾರಪತ್ರಿಕೆ ಹೋಗುತ್ತಿದ್ದದ್ದು ಶಿರಾಕ್ಕೆ. ಅಲ್ಲಿಯ ಮೂಟೆಗಳು ಎರಡರಷ್ಟಾದವು. ಪಾವಗಡದ ಹಳ್ಳಿಗಳಿಗೆ ಎರಡೂ ಹೋಗುತ್ತಿರಲಿಲ್ಲ. ಅಲ್ಲಿಂದ ಎಂದಿನಷ್ಟೇ ರಾಗಿ ಎಂದಿನ ಹಾಗೆಯೇ ಬಂತು.

ವಾರ್ಡನ್ನರು ನನ್ನನ್ನು ಕರೆದು, “ನಿಮ್ಮ ಕಡೆಯಿಂದ ರಾಗಿ ಬರದಿದ್ದರೆ ನಿನಗೆ ತಟ್ಟೆ ಇಲ್ಲಪ್ಪ” ಎಂದರು. ಪರೀಕ್ಷೆ ಎದುರಿಗಿತ್ತು. ಹೊರಗೆ ಕಾಸು ಕೊಟ್ಟು ಉಣ್ಣುವ ಶಕ್ತಿ ನನಗಿರಲಿಲ್ಲ. ಊರಿನ ಬಸ್ಸು ಹತ್ತಿದೆ.

ದೊಡ್ಡಪ್ಪ ನನ್ನನ್ನು ಜಗಲಿಯ ಮೇಲೇ ನಿಲ್ಲಿಸಿದರು.

“ಒಳೀಕೆ ಬರ್ಬ್ಯಾಡ. ಯಾರ್ ಪಕ್ಕ ಕುಂತ್ಕಂಡು ಉಂಡ್ಲಾ?”

“ಯಾರೂ ಉಣ್ಲಿಲ್ಲ ದೊಡ್ಡಪ್ಪ. ನೀರು ಸೇದ್ಕೊಂಡ್ರು, ಅಷ್ಟೇ.”

“ಕಳ್ಳ ಯಾವತ್ತಾದ್ರೂ ಕದ್ದೆ ಅಂತಾನಾ?”

“ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದೀನಿ.”

“ನೀನೊಬ್ಬ ನೋಡಿರದು ದೊಡ್ಡದೋ, ಊರೂರ್ನಾಗೆ ಓದಿರದು ದೊಡ್ಡದೋ? ನಡಿಯಲೇ!”

ನಡೆದೆ. ಶಿರಾ ಸೀಮೆಯ ಪಟ್ಟನಾಯಕನಹಳ್ಳಿಯ ಹತ್ತಿರ ನನ್ನ ಸೋದರಮಾವನ ಊರು. ಆ ಕಡೆ ರಾಗಿ ಕೂಡಿಸುತ್ತಿದ್ದವರು ಅವರೇ. ನನ್ನನ್ನು ಕಂಡವರೇ ಶಿರಾಕ್ಕೆ ಎಳೆದುಕೊಂಡು ಹೋಗಿ ಅಲ್ಲಿಯ ಹೋಟೆಲಿನ ಬೆಂಚಿನ ಮೇಲೆ ಕೂರಿಸಿದರು. “ಇವನೇ ಕಣ್ರಪ್ಪ ನನ್ನಳಿಯ, ಬಹದ್ದೂರ್!” ಯಾರೋ ಕನಕಾಂಬರದ ಹಾರ ತಂದು ಹಾಕಿದರು.

ನಾನು ದೊಡ್ಡಪ್ಪನಿಗೆ ಹೇಳಿದ್ದನ್ನೇ, ಒಂದು ಮಾತೂ ಬದಲಿಸದೆ, ಇಲ್ಲೂ ಹೇಳಿದೆ. ಯಾರೂ ಉಣ್ಣಲಿಲ್ಲ, ನೀರು ಸೇದಿಕೊಂಡರು, ಅಷ್ಟೇ.

ಮಾವನ ಕಣ್ಣು ತುಂಬಿತು. “ನೋಡ್ರಪ್ಪ, ದೊಡ್ಡ ಮನ್ಸ ಅಂದ್ರೆ ಇಂಗಿರ್ಬೇಕು. ಮಾಡಿದ್ದ ಮಾಡ್ದೆ ಅಂತ ಹೇಳ್ಕಣಾಕಿಲ್ಲ!”

“ಇಲ್ಲ ಮಾವ, ನಿಜವಾಗಿಯೂ—”

“ಸುಮ್ಕಿರಪ್ಪ ಅಳಿಯ, ನಮ್ಗೊತ್ತಿಲ್ವಾ? ಪಾಯ್ಸ ಮಾಡಿದ್ದೂ ಗೊತ್ತು.”

ಒಂದೇ ಮಾತು ಮಧುಗಿರಿಯಲ್ಲಿ ಕಳ್ಳತನ, ಶಿರಾದಲ್ಲಿ ವಿನಯ. ನೀರು ಕೊಟ್ಟದ್ದು ಸರಿಯೋ ತಪ್ಪೋ ಎಂದು ವಾದಕ್ಕೆ ಬಂದಿದ್ದರೆ ನಾನೂ ವಾದಿಸುತ್ತಿದ್ದೆ. ನೀರಿನ ಸುದ್ದಿಯೇ ಯಾರಿಗೂ ಬೇಕಿರಲಿಲ್ಲ. ಮಾಡದ ಪಾಪಕ್ಕೆ ನಿಂತ ರಾಗಿ, ಮಾಡದ ಪರಾಕ್ರಮಕ್ಕೆ ಬಂತು. ‘ಇದು ನನ್ನಳಿಯನ ತಟ್ಟೆಗೆ’ ಎಂದು ಹೇಳಿಕಳಿಸಿ ಮಾವ ಏರಿಸಿದ ಮೂಟೆಯನ್ನು ಉಂಡು ನಾನು ಪರೀಕ್ಷೆಗೆ ಕೂತೆ. ಮುದ್ದೆಗೆ ರುಚಿಯೇನೂ ಕಮ್ಮಿಯಿರಲಿಲ್ಲ. ಪಾಸಾದೆ. ನಮ್ಮ ವಂಶದಲ್ಲಿ ಮೊದಲನೆಯವನು, ಉಳುವವನ ಮಗ, ದೊಡ್ಡ ಓದು ಹತ್ತದ ತಲೆಯವನು.

ಮೈಸೂರಿನ ಘಟಿಕೋತ್ಸವದಲ್ಲಿ ಬಾಡಿಗೆಯ ಗೌನು ತೊಟ್ಟು ಸರ್ಟಿಫಿಕೇಟು ಈಸಿಕೊಂಡವನು ನೇರ ಊರಿಗೆ ಬಂದೆ. ಅಷ್ಟು ಹೊತ್ತಿಗೆ ದಿನಪತ್ರಿಕೆ ಬೇರೊಂದು ಜಗಳ ಹಿಡಿದಿತ್ತು, ಹಾಗಾಗಿ ದೊಡ್ಡಪ್ಪ ನನ್ನನ್ನು ಒಳಗೆ ಬಿಟ್ಟರು. ಸರ್ಟಿಫಿಕೇಟನ್ನು ಅವರ ಕೈಗೇ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಹಿಡಿದರು. ಬೆಳಕಿಗೆ ಎತ್ತಿ ನೋಡಿದರು, ಅಕ್ಷರಗಳ ಮೇಲೆ ಬೆರಳಾಡಿಸಿದರು.

“ಎಲ್ಲಾ ಅಚ್ಚಾಗೈತಲ್ಲೋ! ನಿನ್ನೆಸ್ರು ಎಲ್ಲೈತೆ?”

ತೋರಿಸಿದೆ. ದೊಡ್ಡಪ್ಪ ಅಲ್ಲೇ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯನ್ನು ಮೆಲ್ಲಗೆ ನನ್ನ ಕೈಗೇ ವಾಪಸು ಇಟ್ಟರು.

“ನೀನು ಮೋಸ ಹೋಗ್ಬುಟ್ಟೆ ಕಣ್ಲಾ ಮಗಾ. ಮಿಕ್ಕಿದ್ದೆಲ್ಲಾ ಅಚ್ಚು. ನಿನ್ನೆಸ್ರು ಮಾತ್ರ ಯಾವನೋ ಆಮ್ಯಾಕೆ ಮಸಿ ಅದ್ದಿ ಕೈನಾಗೆ ಬರ್ದವ್ನೆ.”