ಗಾಜಿನ ಮೇಲೆ ಕೋಲು ಉರುಳಿಸುತ್ತಿದ್ದ ಭಾವ

ನಮ್ಮ ಭಾವನವರು ಗಾಜು ಕಂಡಲ್ಲಿ ಅದರ ಮೇಲೆ ಏನಾದರೊಂದನ್ನು ಉರುಳಿಸದೆ ಬಿಡುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಟೀಪಾಯಿಯ ಗಾಜಿನ ಮೇಲೆ ಪೆನ್ನು, ಬ್ಯಾಂಕಿಗೆ ಹೋದರೆ ಕೌಂಟರಿನ ಮೇಲೆ ಛತ್ರಿಯ ಕೋಲು. ಒಮ್ಮೆ ನನ್ನ ಲಟ್ಟಣಿಗೆಯನ್ನು ಎತ್ತಿಕೊಂಡು ಹೋಗಿ ಟಿವಿ ಸ್ಟ್ಯಾಂಡಿನ ಗಾಜಿನ ಮೇಲೆ ಉರುಳಿಸಿ, ಕಿವಿಗೊಟ್ಟು ಕೇಳಿ, "ಸೊಟ್ಟಗದೆ ಕಣವ್ವ. ಅದ್ಕೇ ನಿನ್ ಚಪಾತಿ ಒಂದ್ ಕಡೆ ದಪ್ಪ" ಅಂದರು. ನನಗೆ ಕೋಪ ಬರಬೇಕಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ನಲ್ಲಿ ನೀರು ಹಿಡಿದು ಸುಸ್ತಾದವಳಿಗೆ ಕೋಪ ಮಾಡಿಕೊಳ್ಳಲೂ ತ್ರಾಣ ಬೇಕು. ತಪ್ಪು ನನ್ನ ಕೈಯದಲ್ಲ, ಲಟ್ಟಣಿಗೆಯದು ಎಂದು ಗೊತ್ತಾಯಿತಲ್ಲ, ದೇವರು ದೊಡ್ಡವನು ಎಂದುಕೊಂಡು ಸುಮ್ಮನಾದೆ.

ಅವರ ಹೆಸರು ಜವರಪ್ಪ, ನಮ್ಮ ಯಜಮಾನರ ಅಣ್ಣ. ಹಾಸನದ ಒಂದು ಕ್ಲಬ್ಬಿನಲ್ಲಿ ಮೂವತ್ತು ವರ್ಷ ಮಾರ್ಕರ್ ಆಗಿದ್ದರು. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಕೋಲಿನಿಂದ ಗುರಿಯಿಟ್ಟು ತಳ್ಳುವ ಸ್ನೂಕರ್ ಆಟವಿದೆಯಲ್ಲ, ಅದರ ಮೇಜು ನೋಡಿಕೊಳ್ಳುವುದು, ಪಾಯಿಂಟು ಹೇಳುವುದು, ಆಡುವವರ ಕೈಗೆ ಕೋಲು ಕೊಟ್ಟು ಆಮೇಲೆ ಒರೆಸಿಡುವುದು ಮಾರ್ಕರ್ ಕೆಲಸ. ಅಲ್ಲಿಂದ ನಿವೃತ್ತಿಯಾದಾಗ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದು ಟ್ರಂಕು, ಒಂದು ಉದ್ದನೆಯ ಬಟ್ಟೆಚೀಲ ಹಿಡಿದು ಅದೇ ಊರಿನ ನಮ್ಮ ಮನೆಗೆ ಬಂದರು. ಚೀಲದಲ್ಲಿದ್ದದ್ದು ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ಊರು ಬಿಡುವಾಗ ಕೊಟ್ಟ ಕೋಲು. ನಡುವೆ ಹಿತ್ತಾಳೆಯ ತಿರುಪು, ಬಿಚ್ಚಿದರೆ ಎರಡಾಗುತ್ತಿತ್ತು.

"ಮೂವತ್ತೊರ್ಸ ಬ್ಯಾರೆಯೋರ ಕೋಲು ಒರೆಸಿದೀನಿ. ಇನ್ಮೇಲೆ ನನ್ ಕೋಲಲ್ಲಿ ನಾನು ಆಡ್ಬೇಕು" ಎಂದು ತಮ್ಮನಿಗೆ ಹೇಳಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರದ ಸ್ನೂಕರ್ ಪಾರ್ಲರಿನವನು ಸಂಜೆ ಹೊತ್ತು ಬಂದು ಆಡಿ ಎಂದು ಒಪ್ಪಿಯೂ ಇದ್ದ.

ಆ ಕೋಲನ್ನು ಹಾಳು ಮಾಡಿದವಳು ನಾನು.

ಹಬ್ಬದ ತಿಂಗಳು ಕಳೆದ ಮೇಲೆ ಆಡೋಣವೆಂದು ಭಾವ ಅದನ್ನು ಹಿತ್ತಿಲ ಬಾಗಿಲ ಹಿಂದೆ ನೇತುಹಾಕಿದ್ದರು. ಶ್ರಾವಣ ಮಾಸ. ನಮ್ಮಲ್ಲಿ ಹಬ್ಬಕ್ಕೆ ಉಡುವ ಮಡಿ ಸೀರೆಯನ್ನು ಯಾರೂ ಸೋಕದ ಹಾಗೆ ಎತ್ತರದ ತಂತಿಗೆ ಕೋಲಿನಲ್ಲೇ ಎತ್ತಿ ಹಾಕಬೇಕು. ನನ್ನ ಹಳೆಯ ಬಿದಿರು ಸೀಳಿಹೋಗಿತ್ತು. ಈ ಕೋಲು ನುಣ್ಣಗೆ, ಉದ್ದಕ್ಕೆ, ಸೀರೆಯ ನೂಲು ಕಿತ್ತು ಬರದ ಹಾಗಿತ್ತು. ದೇವರೇ ಕೊಟ್ಟ ಎಂದು ತಿಂಗಳಿಡೀ ಅದರಲ್ಲೇ ಒದ್ದೆ ಸೀರೆ ಎತ್ತಿದೆ, ಮಳೆಯಲ್ಲೇ ಗೋಡೆಗೆ ಒರಗಿಸಿದೆ. ಒಂದು ದಿನ ಭಾವ ಅದನ್ನು ಬಿಚ್ಚಿ ಕಿಟಕಿಯಿಂದ ಕಳಚಿಟ್ಟಿದ್ದ ಗಾಜಿನ ಮೇಲೆ ಉರುಳಿಸಿದರು. ಟಕ, ಟಕ, ಟಕ ಎಂದಿತು. ನೆಟ್ಟಗಿರುವ ಕೋಲು ಸದ್ದು ಮಾಡದೆ ಹೋಗುತ್ತದೆ, ಬಾಗಿದ್ದು ಹೀಗೆ ಕುಟ್ಟುತ್ತದೆ ಎಂದು ಅವತ್ತು ತಿಳಿಯಿತು.

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. "ಅಳ್ಬ್ಯಾಡ ಕಣವ್ವ. ಸೊಟ್ಟ ಕೋಲು ಸೀರೆಗೇ ಒಳ್ಳೇದು, ಜಾರಾಕಿಲ್ಲ. ಮಡಿಕೊ" ಎಂದು ಕೋಲನ್ನು ನನ್ನ ಸೀರೆಗೇ ಬಿಟ್ಟುಕೊಟ್ಟರು.

ಅಂದಿನಿಂದ ಅವರ ಹುಡುಕಾಟ ಶುರುವಾಯಿತು. ಹೊಸ ಕೋಲು ಅವರಿಗೆ ಬೇಡ. "ಅದು ಅಸಿ ಸೌದೆ. ನಾಕ್ ಮಳೆ ಕಂಡು ನೆಟ್ಟಗಿರೋದೇ ಕೋಲು" ಅನ್ನುತ್ತಿದ್ದರು. ಕೊರೊನಾ ಕಾಲದಲ್ಲಿ ಸಣ್ಣಪುಟ್ಟ ಊರುಗಳ ಪಾರ್ಲರುಗಳು ಮುಚ್ಚಿದವು. ನಡೆಸುತ್ತಿದ್ದವರು ಕುರ್ಚಿ, ಫ್ಯಾನು, ಕೋಲಿನ ಕಟ್ಟು ಎಲ್ಲವನ್ನೂ ಗಿರವಿ ಅಂಗಡಿಗೆ ಹಾಕಿ ಬಿಡಿಸಿಕೊಳ್ಳದೇ ಹೋದರು. ಬಂಗಾರ ತೂಗುವ ಅಂಗಡಿಯವರಿಗೆ ಈ ಕೋಲುಗಳ ಬೆಲೆ ತಿಳಿಯದು. ಭಾವ ಒಂದು ವಾರ ಹೊಳೆನರಸೀಪುರ, ಒಂದು ವಾರ ಅರಕಲಗೂಡು ಎಂದು ಸುತ್ತಿದರು. ನೂರು ಇನ್ನೂರಕ್ಕೆ ಒಳ್ಳೊಳ್ಳೆಯ ಕೋಲುಗಳೇ ಸಿಕ್ಕಿದವು. ತುದಿಗೆ ಹೊಸ ಚರ್ಮದ ಬಿಲ್ಲೆ ಅಂಟಿಸಿ, ಎಣ್ಣೆ ಸವರಿ, ಕೈಯಲ್ಲಿ ತೂಗಿ, "ಇದು ನಂದಲ್ಲ" ಎಂದು ಕೊಂಡ ಬೆಲೆಗೇ ಬಸ್‌ಸ್ಟ್ಯಾಂಡ್ ಪಾರ್ಲರಿನ ಹುಡುಗರಿಗೆ ಕೊಟ್ಟುಬಿಡುತ್ತಿದ್ದರು. ಪಕ್ಕದ ಮನೆ ಸಾಕಮ್ಮ ಕಾಂಪೌಂಡಿನಾಚೆಯಿಂದ, "ಏನಮ್ಮಿ, ನಿಮ್ ಭಾವ ಕೋಲಾಟದ ಮೇಳ ಕಟ್ತಾವ್ರಾ?" ಎಂದು ಕೇಳುವಳು.

ಆಮೇಲೆ ಅವರ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟ ತಟ್ಟೆಗೆ ತಾಗಿ ಸದ್ದಾಗುತ್ತಿತ್ತು, ಬರಬರುತ್ತಾ ಎಡಗೈಗೂ ಬಂತು. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಭಾವ ಕೇಳಿದ್ದು ಒಂದೇ ಮಾತು: "ಇನ್ನೆಷ್ಟು ದಿನ ನಿಂತಾತು ಸಾ, ಕೈ?" ಹೊರಗೆ ಬಂದು ಹೇಳಿದರು, "ಕೈ ಒಸಿಯಾದ್ರೂ ನಿಲ್ಲೋವಾಗ್ಲೇ ಕೋಲು ಸಿಕ್ಕುದ್ರೆ ಸಾಕು ಕಣವ್ವ. ಒಂದೇಟು ಹೊಡೀತೀನಿ." ಆ ದಿನದಿಂದ ದೇವರ ಮುಂದೆ ನಾನು ಬೇಡಿಕೊಳ್ಳುತ್ತಿದ್ದದ್ದೂ ಅದೊಂದೇ.

ಮುಂದಿನ ಶನಿವಾರ ಅವರು ನನ್ನನ್ನೂ ಚನ್ನರಾಯಪಟ್ಟಣಕ್ಕೆ ಹೊರಡಿಸಿದರು. "ನಿಂಗೆ ಹೆಂಗೂ ಬಸ್ಸು ಪುಕ್ಸಟ್ಟೆ. ಅದೂ ಅಲ್ದೆ ಚೌಕಾಸಿಗೆ ನಿನ್ ಮುಖ ಬೇಕು."

"ನನ್ ಮುಖಕ್ಕೇನಾಗದೆ ಭಾವ?"

"ಏನೂ ಆಗಿಲ್ಲ. ನೋಡ್ದೋರು, ಪಾಪ, ಈವಮ್ಮಂಗೆ ಏನೂ ಬ್ಯಾಡ, ಮನೆಗೋಗಿ ಮಲಗುದ್ರೆ ಸಾಕು ಅನ್ಕೊತಾರೆ. ಆಗ ಬೆಲೆ ಇಳೀತದೆ."

ಸುಳ್ಳೇನಲ್ಲ. ಅವತ್ತು ನನಗೆ ಒಪ್ಪತ್ತು ಬೇರೆ. ಬಸ್ಸಿನಲ್ಲಿ ನಾನು ಮುಂದಿನ ಹೆಂಗಸರ ಸೀಟು, ಅವರು ಹಿಂದೆ. ಭಾವನ ಪಕ್ಕ ಕೂರುವ, ಕೈ ತಾಗಿಸುವ ವಾಡಿಕೆ ನಮ್ಮಲ್ಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಲೋಟವನ್ನು ನೆಲದ ಮೇಲಿಟ್ಟೇ ಕೊಟ್ಟವಳು ನಾನು.

ತೆಂಗಿನಕಾಯಿ ಮಾರ್ಕೆಟ್ಟಿನ ಹಿಂದಿನ ಬೀದಿಯ ಗಿರವಿ ಅಂಗಡಿಯಲ್ಲಿ ಭಾವ ಅಲ್ಲಿದ್ದ ನಾಲ್ಕು ಕೋಲುಗಳನ್ನೂ ಕೌಂಟರಿನ ಗಾಜಿನ ಮೇಲೆ ಉರುಳಿಸಿದರು. ನಾಲ್ಕೂ ಟಕಟಕ ಎಂದವು. ಹೊರಡಬೇಕು ಅನ್ನುವಾಗ ಅವರ ಕಣ್ಣು ಮೂಲೆಗೆ ಹೋಯಿತು. ಜೇಡರಬಲೆ ಹೊಡೆಯುವ ಪೊರಕೆಯನ್ನು ಒಂದು ಉದ್ದನೆಯ ಕೋಲಿಗೆ ಕಟ್ಟಿ ನಿಲ್ಲಿಸಿದ್ದರು. ದೂಳಿನೊಳಗಿಂದ ನಡುವಿನ ಹಿತ್ತಾಳೆ ತಿರುಪು ಮಿನುಗುತ್ತಿತ್ತು. ನನ್ನಂಥವಳೇ ಇನ್ನೊಬ್ಬಳು ಈ ಅಂಗಡಿಯಲ್ಲೂ ಇದ್ದಾಳೆ ಎಂದುಕೊಂಡೆ.

ಭಾವ ಆಕಳಿಸಿದರು. "ಆ ಪೊರಕೆ ಕೋಲು ಕೊಡ್ತೀರಾ ಸೇಟು? ನಮ್ಮನೇಲೂ ಬಲೆ ಜಾಸ್ತಿ."

"ಅದು ಮಾಲಲ್ಲ ಯಜಮಾನ್ರೇ, ಕಸ ಹೊಡ್ಯೋದು. ಬೇಕಂದ್ರೆ ನೂರು ರೂಪಾಯಿ ಕೊಡಿ, ಬೇರೆ ತಗೋತೀನಿ" ಎಂದ ಸೇಟು, ನನ್ನ ಕಡೆ ತಿರುಗಿ, "ಕೋಲಿಗಾಗೇ ಬೇರೆ ಊರಿಂದ ಬಂದ್ರಾ ಅಮ್ಮ?" ಎಂದ.

ಒಪ್ಪತ್ತಿನ ದಿನ ಸುಳ್ಳು ಹೇಗೆ ಹೇಳಲಿ? "ಊಂ. ಇಂಥದ್ದಕ್ಕೇ ನಮ್ ಭಾವ ಎಷ್ಟೋ ವರ್ಷದಿಂದ ಹುಡುಕ್ತಾವ್ರೆ" ಅಂದುಬಿಟ್ಟೆ.

ಸೇಟು ಎದ್ದು ಹೋಗಿ ಕೋಲನ್ನು ಮೇಲಿಂದ ಕೆಳಗೆ ನೋಡಿದ. ಎರಡು ಸಾವಿರ ಎಂದ. ಭಾವನ ಜೇಬಿನಲ್ಲಿ ಅಷ್ಟಿರಲಿಲ್ಲ.

ಬಸ್ಸಿಗೆ ಕಾಯುವಾಗ ನನಗೆ ತಲೆ ಎತ್ತಲಾಗಲಿಲ್ಲ. ಎರಡನೇ ಸಲ ಅವರ ಕೋಲನ್ನು ಕಳೆದವಳು ನಾನೇ. ಭಾವ ಭುಜ ಕುಣಿಸಿ ನಕ್ಕರು. "ನಿನ್ ಮುಖ ಚೌಕಾಸಿಗೆ ಬಾಳ ಚೆಂದಾಗದೆ ಕಣವ್ವ. ಬಾಯ್ನ ಮಾತ್ರ ಇನ್ಮೇಲೆ ಮನೇಲಿ ಬುಟ್ಟು ಬಾ."

ಆಮೇಲೆ ಅವರು ಹೊರಗೆ ಹೋಗುವುದೇ ಕಡಿಮೆಯಾಯಿತು. ಮಳೆಗಾಲ ಕಳೆಯುವ ಹೊತ್ತಿಗೆ ನಡುಮನೆಯ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ಹಾಲಿನವನ ಹಣ, ಹೂವಿನ ಹಣದಲ್ಲಿ ಉಳಿಸಿದ್ದನ್ನು ಸೆರಗಿಗೆ ಕಟ್ಟಿಕೊಂಡು, ಒಂದು ಹೊಸ ಬಿದಿರು ಕೋಲು ಕೊಂಡು ನಾನೊಬ್ಬಳೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಕೋಲು ಅಲ್ಲೇ ಇರಲಿ ಎಂದು ದೇವರ ನಾಮ ಹೇಳಿಕೊಂಡೆ.

ಇತ್ತು. ಅದೇ ಮೂಲೆ, ಅದೇ ಪೊರಕೆ. ಸೇಟು ಗುರುತು ಹಿಡಿದ. "ನಿಮ್ ಭಾವ ಬರ್ಲಿಲ್ವಾ?"

ಬಾಯಿ ಮನೆಯಲ್ಲೇ ಬಿಟ್ಟು ಬಂದಿರಬೇಕಿತ್ತು, ಆಗಲಿಲ್ಲ. "ಏಳಾಕಾಗಲ್ಲ ಅವ್ರಿಗೆ. ಕೈ ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಹಿಡೀಬೇಕು ಅಂತಾವ್ರೆ" ಎಂದೆ. ಸೇಟು ಪೊರಕೆಯ ದಾರ ಕೊಯ್ದ. ನನ್ನ ಬಿದಿರನ್ನೂ ನೂರು ರೂಪಾಯಿಯನ್ನೂ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ತಳ್ಳಿದ. ಅಲ್ಲೇ ಕೌಂಟರಿನ ಮೇಲೆ ಉರುಳಿಸಿ ನೋಡಬಹುದಿತ್ತು. ಧೈರ್ಯ ಬರಲಿಲ್ಲ. ಟಕ ಅಂದರೆ ಬರಿಗೈಯಲ್ಲಿ ಹೋಗಬೇಕಾಗುತ್ತಿತ್ತು.

ಕೋಲು ನೋಡಿ ಭಾವ ಕೇಳಿದ್ದು ಒಂದೇ. "ಗಾಜು ತತ್ತಾ."

ಮನೆಯಲ್ಲಿ ಅಷ್ಟಗಲದ ಗಾಜು ಎಲ್ಲಿದೆ? ಟಿವಿ ಸ್ಟ್ಯಾಂಡಿನದು ಎಂದೋ ಒಡೆದಿತ್ತು, ಕಿಟಕಿಯದು ಮತ್ತೆ ಕಿಟಕಿ ಸೇರಿತ್ತು. ದೇವರ ಮನೆಯಲ್ಲಿ ನನ್ನ ತವರಿನವರು ಕೊಟ್ಟ ವೆಂಕಟರಮಣನ ದೊಡ್ಡ ಪಟ ಇತ್ತು. ಅದಕ್ಕೆ ಕೈ ಹಾಕುವ ಮುಂಚೆ ಒಂದು ಗಳಿಗೆ ನಿಂತೆ. ಜೇಡರಬಲೆ ಹೊಡೆದ ಕೋಲು. ತಪ್ಪಾಯ್ತು ಸ್ವಾಮಿ ಎಂದು ಹೂವು ತೆಗೆದು, ಪಟ ಇಳಿಸಿ, ನಡುಮನೆಯಲ್ಲಿ ಅಂಗಾತ ಮಲಗಿಸಿದೆ.

ಭಾವ ತಿರುಪು ಬಿಚ್ಚಿ ಕೊಟ್ಟ ಒಂದೊಂದೇ ಭಾಗವನ್ನು ನಾನು ಉರುಳಿಸಿದೆ. ದೇವರ ಪಾದದಿಂದ ಕಿರೀಟದವರೆಗೆ ಎರಡೂ ಉರುಳಿದವು. ಒಂದು ಸಣ್ಣ ಸದ್ದೂ ಆಗಲಿಲ್ಲ.

"ಕೋಲು ನೆಟ್ಟಗದೆ ಕಣವ್ವ" ಅಂದರು ಭಾವ. ತಮ್ಮ ಎಡಗೈಯನ್ನು ನೆಲಕ್ಕೆ ಊರಿ, ಕೋಲಿಗೆ ಆಸರೆಯಾಗಲೆಂದು ಬೆರಳುಗಳನ್ನು ಸೇತುವೆಯ ಹಾಗೆ ಮಡಿಸಿದರು. ಉಗುರು ನೆಲಕ್ಕೆ ಬಡಿಯುತ್ತಿತ್ತು. "ಈಗ ಕೈಯೇ ಟಕಟಕ ಅಂತದೆ."

ನಾನು ದೇವರ ಮುಂದಿನ ನಿಂಬೆಹಣ್ಣು ತಂದು ಅವರ ಮುಂದಿಟ್ಟೆ. ಆಮೇಲೆ ಮಂಡಿಯೂರಿ ಕೂತು, ಅವರ ಎಡಗೈಯ ಮೇಲೆ ನನ್ನ ಕೈಯಿಟ್ಟು ಗಟ್ಟಿಯಾಗಿ ನೆಲಕ್ಕೆ ಒತ್ತಿ ಹಿಡಿದೆ. ಅಷ್ಟು ವರ್ಷದಲ್ಲಿ ಅವರನ್ನು ಮುಟ್ಟಿದ್ದು ಅದೇ ಮೊದಲು. ಅವರು ಒಮ್ಮೆ ನನ್ನ ಮುಖ ನೋಡಿದರು. ಗಲ್ಲವನ್ನು ಕೋಲಿಗೆ ತಾಗಿಸಿ, ಉಸಿರು ಹಿಡಿದು, ತಳ್ಳಿದರು. ನಿಂಬೆಹಣ್ಣು ನಡುಮನೆ ದಾಟಿ ನೇರ ಹೋಗಿ ಹೊಸ್ತಿಲ ಅರಿಸಿನಕ್ಕೆ ತಾಗಿ ನಿಂತಿತು.

"ಸಾಕು" ಎಂದರು.

ಕಾರ್ತಿಕ ಮುಗಿಯುವ ಮುಂಚೆ ಹೋದರು. ಪಟ ಮತ್ತೆ ಗೋಡೆ ಏರಿದೆ. ಕೋಲನ್ನು ಒರಗಿಸಿದರೆ ಬಾಗುತ್ತದೆ ಎನ್ನುತ್ತಿದ್ದರು, ಅದಕ್ಕೇ ಮೊಳೆ ಹೊಡೆದು ನೇತುಹಾಕಿದ್ದೇನೆ. ಹಿತ್ತಿಲಲ್ಲಿ ಸೀರೆ ಎತ್ತಿ ಹಾಕಲು ಈಗಲೂ ಆ ಹಳೆಯ ಸೊಟ್ಟ ಕೋಲೇ. ಅವರು ಹೇಳಿದ್ದು ನಿಜ, ಜಾರುವುದಿಲ್ಲ.