ಗಿರಣಿಯ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ಕಂಪ್ಯೂಟರ್

"ಬಿಚ್ಚಾಕಿಲ್ಲ ಅಂದ್ರೆ ಬಿಚ್ಚಾಕಿಲ್ಲ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ನಮ್ಮಪ್ಪನ ಕಂಪ್ಯೂಟರ್ ಅಕ್ಕ ಅದು! ತಂದ್ಕೊಟ್ಟೋನು ನಾನು. ಏನ್ ಮಾಡ್ಬೇಕು ಅಂತ ನಾನ್ ಹೇಳ್ತೀನಿ, ನೀನಲ್ಲ."

"ಹೇಳಪ್ಪ, ಯಾರ್ ಬ್ಯಾಡ ಅಂದ್ರು? ನನ್ ಕೈಲಿ ಮಾಡ್ಸಕ್ಕೆ ಬರ್ಬ್ಯಾಡ ಅಷ್ಟೇಯ."

ಬೆಳಗಿನ ಆರು ಗಂಟೆ. ಶಿರಾ ತಾಲ್ಲೂಕಿನ ಗೌಡಗೆರೆಗೆ ಇನ್ನೂ ಬಿಸಿಲು ಇಳಿದಿಲ್ಲ. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಸೊಂಟಕ್ಕೆ ಸೆರಗು ಬಿಗಿದು ನಿಂತಿರುವವರು ಶಿವರುದ್ರಮ್ಮ, ವಯಸ್ಸು ಐವತ್ತೊಂದು. ಎದುರಿಗೆ ಕಾರಿನ ಕೀಲಿ ತಿರುಗಿಸುತ್ತ ನಿಂತಿರುವವರು ಶಿರಾದಲ್ಲಿ ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟಿರುವ ಪ್ರಭುದೇವ್. ಅವರ ತಂದೆ ನಾಗಲಿಂಗಯ್ಯ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವರು. ತೊಂಬತ್ತನಾಲ್ಕರಲ್ಲಿ ಅವರು ತಂದ ಕಂಪ್ಯೂಟರು ಮುದ್ರಣಾಲಯ ಮುಚ್ಚಿದ ಮೇಲೆ ಅಟ್ಟದ ಮೇಲೆ ಬಿದ್ದಿತ್ತು. ಎಂಟು ತಿಂಗಳ ಹಿಂದೆ ಮಗ ಅದನ್ನು ಇಲ್ಲಿಗೆ ತಂದು, "ಬದುಕ್ಸಿ ಕೊಡಕ್ಕ" ಅಂದರು. ಶಿವರುದ್ರಮ್ಮ ಬದುಕಿಸಿದ್ದಾರೆ.

ಈಗ ಮಗನ ಮನಸ್ಸು ಬದಲಾಗಿದೆ. ಒಳಗಿನದನ್ನೆಲ್ಲ ಕಿತ್ತು ಎಸೆದು, ಹಳೆಯ ಡಬ್ಬದೊಳಗೆ ಹೊಸ ಯಂತ್ರ ಕೂರಿಸಬೇಕಂತೆ. ಹೊಸ ಅಂಗಡಿಯ ಮುಂದೆ ಇಟ್ಟರೆ ಬಣ್ಣಬಣ್ಣದ ಜಾಹೀರಾತು ಓಡುತ್ತದೆ, ಜನ ನಿಂತು ನೋಡುತ್ತಾರೆ ಅನ್ನುವುದು ಅವರ ಲೆಕ್ಕಾಚಾರ.

ಜಗಳ ಇನ್ನೂ ಏರುತ್ತಿತ್ತೇನೋ. ಅಷ್ಟರಲ್ಲಿ ರಾಗಿ ಚೀಲ ಹೊತ್ತು ರಾಜಲಕ್ಷ್ಮಮ್ಮ ಬರುತ್ತಾರೆ, ಅವರ ಹಿಂದೆ ಇನ್ನೂ ಆರು ಜನ. ಶಿವರುದ್ರಮ್ಮ ಗಿರಣಿಯ ಸ್ವಿಚ್ಚಿಗೆ ಕೈಹಾಕುತ್ತಾರೆ. "ಮೊದ್ಲು ರಾಗಿ, ಆಮ್ಯಾಕೆ ಜಗಳ. ಕರೆಂಟು ನಿನ್ನಪ್ಪಂದಲ್ಲ. ಕೂತ್ಕ ಆ ಮೂಟೆ ಮ್ಯಾಲೆ."

ಪ್ರಭುದೇವ್ ಕೂರುತ್ತಾರೆ.

ಬೀಳುವ ಹಿಟ್ಟಿಗೆ ಶಿವರುದ್ರಮ್ಮ ಅಂಗೈ ಒಡ್ಡುವುದಿಲ್ಲ, ಕೈಯ ಹಿಂಬದಿ ಒಡ್ಡುತ್ತಾರೆ. ಅವರ ಬಗ್ಗೆ ಬರೆಯಲು ಬಂದಿರುವ ನಮಗೆ ಕಾರಣ ಹೇಳುತ್ತಾರೆ: "ಹಿಟ್ಟು ಬಿಸಿ ಬಂದ್ರೆ ಕಲ್ಲು ಬಿಗಿ ಆಗೈತೆ ಅಂತ ಸಾ. ಹಿಟ್ಟು ಕೆಡ್ತದೆ, ಕಲ್ಲೂ ಸವೀತದೆ. ತಣ್ಣಗೆ ಬಂದ್ರೆ ಎಲ್ಲಾ ಸರಿಯಾಗೈತೆ ಅಂತ." ದಿನಕ್ಕೆ ಮೂರು ಕ್ವಿಂಟಾಲ್ ರಾಗಿ, ಹಬ್ಬದ ಮುಂದೆ ಐದು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಏಳು. ನಡುವೆ ಮನೆ ಕೆಲಸ. ಅದೂ ಮುಗಿದ ಮೇಲೆ ಎರಡರಿಂದ ನಾಲ್ಕು ಗಂಟೆ ಮಾತ್ರ ಅವರದು. ಆ ಎರಡು ಗಂಟೆಯಲ್ಲೇ ಈ ಹದಿನೇಳು ವರ್ಷಗಳಲ್ಲಿ ಅವರು ಮೂವತ್ತೊಂದು ಹಳೆಯ ಕಂಪ್ಯೂಟರುಗಳಿಗೆ ಜೀವ ತುಂಬಿದ್ದಾರೆ. ಹನ್ನೆರಡು ವಾಪಸು ಯಜಮಾನರ ಮನೆ ಸೇರಿವೆ. ಹತ್ತೊಂಬತ್ತು ಗಿರಣಿಯ ಹಿಂದಿನ ಕೋಣೆಯಲ್ಲಿವೆ. ಶಾಲು ಹೊದಿಸಲು ಇದುವರೆಗೆ ಯಾರೂ ಬಂದಿಲ್ಲ. ಬರುವುದೂ ಬೇಡ. ಬಂದವರು ತಮ್ಮ ಫೋಟೊ ತೆಗೆಸಿಕೊಂಡು ಹೋಗುತ್ತಾರೆ ಅಷ್ಟೆ.

ಓದಿದ್ದು ಏಳನೇ ತರಗತಿ. ಮದುವೆಯಾದ ಮೇಲೆ ಗಂಡ ಹಾಲೇಶ್ ಅವರ ಜೊತೆ ಮಧುಗಿರಿಯಲ್ಲಿದ್ದಾಗ, ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ನೆಲ ಒರೆಸಬೇಕು, ಯಂತ್ರ ಮುಟ್ಟಬಾರದು. "ಮುಟ್ಬ್ಯಾಡ ಮುಟ್ಬ್ಯಾಡ ಅಂತ ಆರು ವರ್ಸ ಅಂದ್ರು ಸಾ. ಮುಚ್ಚೋ ದಿನ ಅವರೇ ರೋಡಿಗೆ ತಂದು ಎಸೆದ್ರು. ಈಗ ಮುಟ್ಬೋದಾ ಅಂತ ಕೇಳ್ದೆ. ನಗಾಡಿದ್ರು. ಒಂದ್ನ ಎತ್ಕಂಡು ಬಸ್ ಹತ್ಬುಟ್ಟೆ."

ಗಂಡ ಪಾವಗಡ ಮಾರ್ಗದ ಖಾಸಗಿ ಬಸ್ಸಿನ ಕಂಡಕ್ಟರ್. ಅಂದಿನಿಂದ ಇಂದಿನವರೆಗೆ ಬಿಡಿಭಾಗಗಳೆಲ್ಲ ಆ ಬಸ್ಸಿನಲ್ಲೇ ಬರುತ್ತವೆ, ಡ್ರೈವರಿನ ಪಕ್ಕ ಇಂಜಿನ್ನಿನ ಮೇಲೆ, ಟವೆಲ್ ಹೊದ್ದುಕೊಂಡು. ಕೊರಟಗೆರೆಯ ಗುಜರಿಯವರಿಗೂ ಪಾವಗಡದ ಗುಜರಿಯವರಿಗೂ ಹಾಲೇಶ್ ಗುರುತು. "ಮೀ ಆವಿಡಕಿ ಇಂಕೊ ಡಬ್ಬಾ ವಚ್ಚಿಂದಿ" ಎಂದು ಪಾವಗಡದವರು ತೆಲುಗಿನಲ್ಲಿ ಕೂಗಿ, ನಿನ್ನ ಹೆಂಡತಿಗೆ ಇನ್ನೊಂದು ಡಬ್ಬ ಬಂದಿದೆ ಎಂದು ತಮಾಷೆ ಮಾಡುತ್ತಾರಂತೆ.

ಮೊದಲ ಯಂತ್ರ ಸತ್ತಿದ್ದು ಇವರ ಕೈಯಿಂದಲೇ. ಅದನ್ನು ಮುಚ್ಚಿಡುವ ಹೆಂಗಸಲ್ಲ. ಒಳಗಿನ ಹಲಗೆಯ ಮೇಲಿದ್ದ ಪುಟ್ಟ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿತ್ತು. ಹಿತ್ತಾಳೆ ಚೊಂಬಿನ ಕಿಲುಬು ತೆಗೆಯುವ ಹಾಗೆ ಹುಣಸೆಹುಳಿ ಹಚ್ಚಿ ಉಜ್ಜಿದರು. ಫಳಫಳ ಹೊಳೆಯಿತು. ಮೂರನೇ ದಿನ ನೋಡಿದರೆ ಹಲಗೆಯ ತುಂಬ ಕೆಂಪಿರುವೆ. "ಹುಳಿ ಅಂಟು ಹಂಗೇ ಉಳ್ಕಂಡಿತ್ತು. ಇರುವೆ ಮ್ಯಾಲೆ ಕರೆಂಟು ಹರೀತು. ಚಟ್ ಅಂತು, ಮುಗೀತು. ಅತ್ತೆ ಅಂದ್ರು, 'ಒಗ್ಗರಣೆನೂ ಹಾಕ್ಬುಡೇ, ಸಾರಾಯ್ತದೆ' ಅಂತ." ಈಗ ನಿಂಬೆರಸ ಹಚ್ಚುತ್ತಾರೆ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು ಎರಡು ದಿನ ನೆರಳಲ್ಲಿ ಒಣಗಿಸುತ್ತಾರೆ. ಇರುವೆ ಮತ್ತೆ ಬಂದಿಲ್ಲ.

ಹಿಟ್ಟಿನ ಧೂಳು ದೊಡ್ಡ ಶತ್ರು. ಗಿರಣಿಗೂ ಹಿಂದಿನ ಕೋಣೆಗೂ ನಡುವೆ ಒದ್ದೆ ಗೋಣಿಚೀಲದ ಪರದೆ ಇದೆ. ಒಳಗೆ ಹೋಗುವ ಮುಂಚೆ ಕೈಕಾಲು ತೊಳೆದು ಬೇರೆ ಸೀರೆ ಉಡುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ: "ಒಂದು ಗಿಡ್ಡ ಕೂಗು, ಎಲ್ಲಾ ಸುಖ. ಒಂದು ಉದ್ದ ಎರಡು ಗಿಡ್ಡ, ಚಿತ್ರ ತೋರಿಸೋ ಕಾರ್ಡು ಕೆಟ್ಟಿದೆ." ಇಂಗ್ಲಿಷ್ ಪುಸ್ತಕ ಓದಲಾರದವರು ಸ್ವಿಚ್ಚು ಒತ್ತಿದಾಗ ಯಂತ್ರ ಹಾಕುವ ಬೀಪ್ ಕೂಗನ್ನೇ ಓದಲು ಕಲಿತಿದ್ದಾರೆ. ಗಿರಣಿ ಕಲ್ಲು ಸವೆದ ಸದ್ದು ಗುರುತಿಸುವ ಕಿವಿಗೆ ಡಿಸ್ಕು ಸವೆದ ಸದ್ದು ಯಾವ ಮಹಾ?

ಹಳೆಯ ಯಂತ್ರ ಎಷ್ಟು ಆಯುಧಪೂಜೆ ಕಂಡಿದೆ ಅನ್ನುವುದನ್ನು ಅವರು ಬಿಚ್ಚಿ ನೋಡಿಯೇ ಹೇಳುತ್ತಾರೆ. ನಮ್ಮ ಜನ ಕಂಪ್ಯೂಟರಿಗೆ ಹಣೆ ಯಾವುದೆಂದು ತಿಳಿಯದೆ, ಫ್ಲಾಪಿ ತೂರಿಸುವ ಸೀಳಿಗೇ ಅರಿಸಿನ ಕುಂಕುಮ ಮೆತ್ತುತ್ತಾರೆ. "ನಾಗಲಿಂಗಯ್ಯನೋರ ಮಿಷನ್ನು ಹನ್ನೊಂದು ಹಬ್ಬ ಕಂಡೈತೆ. ವಿಭೂತಿ ಒಂದು ಪದರ, ಕುಂಕುಮ ಒಂದು ಪದರ. ಬಾಯ್ತುಂಬ ಕುಂಕುಮ ತಿಂದು ಹೆಂಗ್ ಉಸ್ರಾಡ್ತದೆ ಹೇಳಿ. ಹಲ್ಲುಜ್ಜೋ ಬ್ರಷ್ನಾಗೆ ಎಂಟು ದಿನ ತೆಗ್ದೆ." ಇವರ ಕೋಣೆಯಲ್ಲಿ ಹಬ್ಬದ ಕುಂಕುಮ ಮೇಜಿನ ಕಾಲಿಗೆ ಮಾತ್ರ.

ಏಳೂವರೆಗೆ ಸಾಲು ಕರಗುತ್ತದೆ. ಕಾಯ್ದು ಕೂತ ಪ್ರಭುದೇವ್ ಹೊಸ ಅಸ್ತ್ರ ಹುಡುಕಿಕೊಂಡಿದ್ದಾರೆ.

"ಅಕ್ಕ, ನೀನೂ ಡಿಸ್ಕ್ ತೆಗ್ದು ಮೆಮೊರಿ ಕಾರ್ಡ್ ಹಾಕಿದೀಯ. ಮೆಮೊರಿ ನಾಲ್ಕು ಎಂಬಿ ಇದ್ದಿದ್ದು ಹದಿನಾರು ಮಾಡಿದೀಯ. ನೀನು ಮಾಡಿದ್ರೆ ಸೇವೆ, ನಾನ್ ಕೇಳಿದ್ರೆ ಕೊಲೆನಾ?"

"ಲೇ, ಡಿಸ್ಕು ಸಾಯ್ತಾ ಇತ್ತು ಕಣ್ಲಾ. ಅದ್ರಾಗಿದ್ದುದ್ನೆಲ್ಲ ಕಾರ್ಡಿಗೆ ಇಳಿಸ್ಕಂಡು ಆಮ್ಯಾಕೆ ತೆಗ್ದೆ. ಮುದುಕ್ರಿಗೆ ಹಲ್ಲು ಕಟ್ಟಿಸ್ಬೋದು, ಕನ್ನಡಕ ಹಾಕಿಸ್ಬೋದು. ತಲೆ ತೆಗ್ದು ಬೇರೆ ತಲೆ ಇಟ್ಟು 'ಇವ್ರೇ ನಮ್ಮಪ್ಪ' ಅಂತ ಅಂಗ್ಡಿ ಮುಂದೆ ಕೂರ್ಸಾಕಾಯ್ತದಾ?"

"ತುಮಕೂರಲ್ಲಿ ಅರ್ಧ ಗಂಟೇಲಿ ಮಾಡ್ಕೊಡ್ತಾರೆ."

"ಕರ್ಕಂಡೋಗು. ಹೋಗೋಕ್ ಮುಂಚೆ ಒಂದ್ ಸಲ ನೋಡು. ನೀನಿನ್ನೂ ನೋಡೇ ಇಲ್ಲ."

ಶಿವರುದ್ರಮ್ಮ ಸೀರೆ ಬದಲಿಸಿ ಬಂದು, ನಮ್ಮೆಲ್ಲರ ಬಟ್ಟೆ ಕೊಡವಿಸಿ ಕೈಕಾಲು ತೊಳೆಸಿ, ಗೋಣಿ ಪರದೆ ಎತ್ತುತ್ತಾರೆ. ಸ್ವಿಚ್ಚು ಒತ್ತುತ್ತಾರೆ. ಕಪ್ಪು ಪರದೆಯ ಮೇಲೆ ಬಿಳಿ ಅಂಕಿಗಳು ಏರುತ್ತವೆ. ಒಂದು ಗಿಡ್ಡ ಕೂಗು. ಸ್ವಲ್ಪ ಹೊತ್ತಿಗೆ ಕನ್ನಡದ ದುಂಡು ಅಕ್ಷರಗಳಲ್ಲಿ ಒಂದು ಲಗ್ನಪತ್ರಿಕೆ ಮೂಡುತ್ತದೆ, ಸುತ್ತ ಮಾವಿನೆಲೆಯ ಬಳ್ಳಿ. ನಾಗಲಿಂಗಯ್ಯ ಒಂದೊಂದೇ ಚುಕ್ಕೆ ಇಟ್ಟು ಬರೆದ ಅಂಚು ಅದು. ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆ.

ಗೋಣಿ ಪರದೆಯ ಸಂದಿಯಿಂದ ರಾಜಲಕ್ಷ್ಮಮ್ಮ ಇಣುಕುತ್ತಾರೆ. "ಅಯ್ಯೋ, ಈ ಬಳ್ಳಿ ನನ್ ಮದ್ವೆ ಕಾರ್ಡ್ನಾಗೂ ಇತ್ತು ಕಣವ್ವ!"

"ಹಿಟ್ಟಿನ ಮೈಲಿ ಒಳಕ್ ಬರ್ಬ್ಯಾಡ, ಅಲ್ಲೇ ನಿಂತ್ಕ!"

ಪ್ರಭುದೇವ್ ಕಾರಿನ ಕೀಲಿ ಜೇಬಿಗಿಳಿಸುತ್ತಾರೆ. "ಚೆನ್ನಾಗೈತೆ. ಆದ್ರೂ... ಅಂಗಡಿಗೆ ಕಲರ್ ಬೇಕಲ್ಲಕ್ಕ."

ಶಿವರುದ್ರಮ್ಮ ಈ ಸಲ ವಾದ ಮಾಡುವುದಿಲ್ಲ. ತಮ್ಮ ಸ್ಕ್ರೂಡ್ರೈವರ್ ಅವರ ಕೈಗಿಡುತ್ತಾರೆ. "ಹಿಂದ್ಗಡೆ ಐದು ಸ್ಕ್ರೂ ಐತೆ. ನೀನೇ ಬಿಚ್ಚು. ಪೂರಾ ಬಿಚ್ಚೋಕ್ ಮುಂಚೆ ಆಫ್ ಮಾಡು. ಅದ್ನೂ ನೀನೇ ಮಾಡು."

ಪ್ರಭುದೇವ್ ಬಗ್ಗುತ್ತಾರೆ. ಒಂದು ಸ್ಕ್ರೂ ಬರುತ್ತದೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಿಚ್ಚಿನ ಹತ್ತಿರ ಬೆರಳು ಒಯ್ಯುತ್ತಾರೆ. ಬೆರಳು ಅಲ್ಲೇ ನಿಲ್ಲುತ್ತದೆ. ಪರದೆಯ ಮೇಲೆ ಅಪ್ಪನ ಬಳ್ಳಿ ಬೆಳಗುತ್ತಲೇ ಇದೆ.

"ಕಾರು ದಾರಿಗೆ ಅಡ್ಡ ನಿಲ್ಸಿದೀನಿ. ತೆಗ್ದು ಬರ್ತೀನಿ ಇರಕ್ಕ." ಸ್ಕ್ರೂ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಗೋಣಿ ಪರದೆ ಸರಿಸಿ ಹೊರಗೆ ಹೋಗುತ್ತಾರೆ.

ಕಾರಿನ ಬಾಗಿಲು ಹಾಕಿದ ಸದ್ದು. ಇಂಜಿನ್ನಿನ ಸದ್ದು. ಅದು ಗಿರಣಿಯ ಗೋಡೆ ದಾಟುತ್ತದೆ, ಶಿರಾ ರಸ್ತೆಗೆ ತಿರುಗುತ್ತದೆ, ಕ್ಷೀಣಿಸುತ್ತದೆ. ನಾವು ಕಾಯುತ್ತೇವೆ. ಅವರಿಗೆಂದು ತಂದ ಟೀ ಕೆನೆ ಕಟ್ಟುತ್ತದೆ.

"ಹೊಂಟೋದ ಕಣವ್ವ!" ಹೊರಗಿನಿಂದ ರಾಜಲಕ್ಷ್ಮಮ್ಮ ಕೂಗುತ್ತಾರೆ.

ಶಿವರುದ್ರಮ್ಮ ಮೇಜಿನ ಮೇಲಿದ್ದ ಸ್ಕ್ರೂ ಎತ್ತಿಕೊಂಡು ಅದರ ಜಾಗಕ್ಕೆ ಹಾಕುತ್ತಾರೆ, ಕೊನೆಯ ಸುತ್ತು ಮೆಲ್ಲಗೆ ಬಿಗಿಯುತ್ತಾರೆ. ಆಮೇಲೆ ಓಡುತ್ತಿರುವ ಯಂತ್ರದ ಬೆನ್ನಿಗೆ, ಬೆಳಿಗ್ಗೆ ಹಿಟ್ಟಿಗೆ ಒಡ್ಡಿದ್ದರಲ್ಲ, ಅದೇ ಕೈಯ ಹಿಂಬದಿ ತಾಗಿಸಿ ನೋಡುತ್ತಾರೆ.

"ತಣ್ಣಗೈತೆ ಸಾ," ಅನ್ನುತ್ತಾರೆ.